ತಂಗಿಯ ಊರಿನ ಸಿಹಿನೀರು

ಮಡಕಶಿರದ ಬಸ್‌ಸ್ಟ್ಯಾಂಡಿನ ಪಕ್ಕ ಹೂ ಮಾರುವಾಕೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ನೀರು ಚಿಮುಕಿಸಿದಳು. ಒಂದು ಹನಿ ಬಂದು ನನ್ನ ಮುಂಗೈಗೆ ತಾಗಿತು. ನೋಡಿದರೆ ಕನಕಾಂಬರ. ಈ ಹೂವಿಗೆ ಬಣ್ಣವಿದೆ, ವಾಸನೆಯಿಲ್ಲ. ಮಲ್ಲಿಗೆಯ ಹಾಗೆ ನಾಲ್ಕು ಹೆಜ್ಜೆ ಆಚೆಯಿಂದಲೇ ಕರೆಯುವ ಹೂವಲ್ಲ. ಆದರೂ ನಾನು ಅಲ್ಲೇ ನಿಂತುಬಿಟ್ಟೆ. "ಎಷ್ಟು ಮೊಳ ಕೊಡ್ಲಿ ಅಕ್ಕಾ?" ಎಂದು ಅವಳು ಎರಡು ಸಲ ಕೇಳಿದಳು. "ಇದಕ್ಕ ಯಾವ ನೀರು ಕಟ್ಟಿದ್ರಮ್ಮ?" ಎಂದೆ ನಾನು. ಹೂ ಕೊಳ್ಳಲು ಬಂದವರು ಕೇಳುವ ಪ್ರಶ್ನೆಯೇ ಇದು? ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೇರೆ ಗಿರಾಕಿಯ ಕಡೆ ತಿರುಗಿದಳು. ಅಷ್ಟರಲ್ಲಿ ಅಮರಾಪುರದ ಬಸ್ಸು ಹೊರಟೇ ಹೋಗಿತ್ತು. ಮುಂದಿನ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತು ನೆನೆದದ್ದನ್ನೇ ನಿಮಗೆ ಹೇಳುತ್ತಿದ್ದೇನೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕೇಳಿ.

ನಿಮಗೆ ತಂಗಿ ಇದ್ದರೆ ಇದು ಬೇಗ ಅರ್ಥವಾದೀತು. ನನ್ನ ತಂಗಿ ಶಾರದೆ ನನಗಿಂತ ಆರು ವರ್ಷ ಚಿಕ್ಕವಳು. ನಾವು ಹುಟ್ಟಿದ್ದು ರಾಯದುರ್ಗದ ಕಡೆ, ಬೆಳುಗುಪ್ಪದ ಹತ್ತಿರದ ಹಳ್ಳಿಯಲ್ಲಿ. ಕುಡಿಯುವ ನೀರಿಗೆ ಊರಾಚೆಯ ಬಾವಿಗೆ ಹೋಗಬೇಕಿತ್ತು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ನನಗೆ. ಕೈಯಲ್ಲೊಂದು ತಂಬಿಗೆ ಅವಳಿಗೆ. ಆ ತಂಬಿಗೆಯ ನೀರನ್ನೂ ದಾರಿಯಲ್ಲೇ ಕುಡಿದು ಮುಗಿಸುತ್ತಿದ್ದಳು. "ಸಣ್ಣಾಕಿ, ಬಿಡು" ಎನ್ನುತ್ತಿದ್ದಳು ಅವ್ವ. ಅವಳ ಕತ್ತು ಕೊಡ ಹೊರುವಷ್ಟು ಗಟ್ಟಿಯಾಗುವ ಹೊತ್ತಿಗೆ ನಮ್ಮ ಓಣಿಗೆ ನಲ್ಲಿ ಬಂತು! ಇದು ಅವಳ ತಪ್ಪಲ್ಲ, ನನಗೆ ಗೊತ್ತು. ಆದರೂ ಸಿಂಬಿ ಇಟ್ಟು ಇಟ್ಟು ತೆಳ್ಳಗಾದ ನನ್ನ ನೆತ್ತಿಯ ಕೂದಲನ್ನೂ, ಸೊಂಟದ ಕೆಳಗೆ ಇಳಿಯುವ ಅವಳ ಜಡೆಯನ್ನೂ ಒಂದೇ ಕನ್ನಡಿಯಲ್ಲಿ ನೋಡಿದಾಗಲೆಲ್ಲ ಆ ನಲ್ಲಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಮದುವೆಯ ವಿಷಯದಲ್ಲಿ ಮಾತ್ರ ನಾನು ಗೆದ್ದೆ ಅಂದುಕೊಂಡಿದ್ದೆ. ನನ್ನನ್ನು ಕೊಟ್ಟದ್ದು ಅಮರಾಪುರದ ಕಡೆಗೆ. ಗಂಡಿನ ಮನೆಯವರ ಹೊಲದಲ್ಲಿ ಬೋರ್ ಇದೆ, ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತಾರೆ ಎಂದು ಅಪ್ಪ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ. ಅಲ್ಲಿಗೆ ಹೋದ ಮೇಲೆ ನನ್ನ ಮಾತನ್ನು ಕೇಳಿ ಓರಗಿತ್ತಿಯರು ನಗುತ್ತಿದ್ದರು. ನಾನು 'ಐತಿ' ಅಂದರೆ ಅವರು 'ಐತೆ' ಎಂದು ತಿದ್ದುವರು. ಒಂದು ಸ್ವರಕ್ಕೆ ಇಷ್ಟು ನಗುವೇ ಎಂದು ನಾನು ಗಟ್ಟಿಯಾಗಿ ಇನ್ನೂ ನಾಲ್ಕು ಸಲ 'ಐತಿ' ಅನ್ನುತ್ತಿದ್ದೆ. ಅದಿರಲಿ. ಶಾರದೆ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿಗೆ ಗುಂಡಿಯ ಕಾಜ ಮಾಡಲು ಹೋಗುತ್ತಿದ್ದಳು. ಅದೇ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸಮುದ್ರದ ಸೀಮೆಯಿಂದ ಬಂದಿದ್ದವನು ಕೋಟೇಶ್ವರರಾವ್. ಒಳ್ಳೆಯ ಹುಡುಗ, ಮಿತಮಾತಿನವನು. ಮದುವೆ ಆಯಿತು. "ಹೊಲ ಇಲ್ಲ, ಬೋರ್ ಇಲ್ಲ, ಒಂದು ಕತ್ತರಿ ಹಿಡಕಂಡು ಬಂದಾನ. ಹೆಂಗ ಬಾಳ್ತಾಳೋ ನಮ್ಮ ಶಾರದಿ" ಎಂದು ಅವ್ವನ ಮುಂದೆ ನಾನು ಕಣ್ಣೊರೆಸಿಕೊಂಡೆ. ಆ ಕಣ್ಣೀರಿನಲ್ಲಿ ಎಷ್ಟು ಪಾಲು ಸಂತೋಷವಿತ್ತು ಎಂಬುದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ಕೆಲವು ವರ್ಷಗಳಲ್ಲಿ ಕೋಟೇಶ್ವರರಾವ್‌ನ ತಂದೆ ತೀರಿಕೊಂಡರು. ಗಂಡ ಹೆಂಡತಿ ಸಮುದ್ರದಂಚಿನ ಬಾಪಟ್ಲದ ಕಡೆಯ ಅವನ ಹಳ್ಳಿಗೆ ಹೋಗಿ ನೆಲೆಸಿದರು. ಅವನು ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟ. ಊರಿನಲ್ಲಿದ್ದ ಅರ್ಧ ಎಕರೆ ಮರಳು ನೆಲದಲ್ಲಿ ಶಾರದೆ ಮತ್ತು ಅವಳ ಅತ್ತೆ ಸೀತಮ್ಮನವರು ಕನಕಾಂಬರ, ಸೊಪ್ಪು ಬೆಳೆಯತೊಡಗಿದರು. ಇತ್ತ ನಮ್ಮ ಬೋರ್ ಒಂದು ಬೇಸಿಗೆಯಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಇನ್ನಷ್ಟು ಆಳಕ್ಕೆ ಬೇರೆ ಕೊರೆಸಿದೆವು. ಅದು ಗುಟುಕು ಗುಟುಕಾಗಿ ಕೊಟ್ಟಿತು. ನಾವೇನೂ ಮುಳುಗಿಹೋಗಲಿಲ್ಲ. ರಾಗಿ, ಶೇಂಗಾ ಮಳೆಗೆ ಬೆಳೆಯುತ್ತವೆ. ಹಿಪ್ಪುನೇರಳೆಯನ್ನು ಅರ್ಧಕ್ಕೆ ಇಳಿಸಿ ಡ್ರಿಪ್ ಹಾಕಿದೆವು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಪೈಪಿನ ಬಾಯಿಗೆ ಕಿವಿಯಿಟ್ಟು, ಒಳಗಿಂದ ಬರುವುದು ನೀರಿನ ಸದ್ದೋ ಗಾಳಿಯ ಸದ್ದೋ ಎಂದು ಕೇಳುವ ಚಟ ನನಗೆ ಹತ್ತಿತು. ಅಂಥ ಚಟ ಇರುವವಳನ್ನು ತಂಗಿಯ ಊರಿಗೆ ಕಳಿಸಬಾರದಿತ್ತು.

ಕಳಿಸಿದರು. ಶಾರದೆಯ ಮಗಳಿಗೆ ಓಣಿ, ಅಂದರೆ ದಾವಣಿ, ಹಾಕುವ ಕಾರ್ಯ. ಹಿಂದೂಪುರದಲ್ಲಿ ರೈಲು ಹತ್ತಿ, ನಡುವೆ ಒಮ್ಮೆ ಬದಲಿಸಿ, ಮೈಯೆಲ್ಲ ಧೂಳಾಗಿ ಹೋಗಿ ಇಳಿದೆ. ಮರುದಿನ ಬೆಳಿಗ್ಗೆ ಶಾರದೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದಳು. "ಕಾಲು ತೊಳ್ಕೋತೀಯೇನಕ್ಕ?" ಎಂದು ಕೇಳಿ, ಅಲ್ಲೇ ತಗ್ಗಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ತೆಂಗಿನ ಚಿಪ್ಪಿನಿಂದ ಮರಳು ಗೋರಿದಳು. ಮೊಳಕೈ ಮುಳುಗುವಷ್ಟು ಗುಂಡಿಯಾಯಿತು, ಅಷ್ಟೇ. ತಳದ ಮರಳು ಕಪ್ಪಾಯಿತು, ಮಿನುಗಿತು, ನೋಡುತ್ತಿದ್ದ ಹಾಗೆ ನೀರು ತುಂಬಿ ನಿಂತಿತು. ಬೊಗಸೆಯಲ್ಲಿ ಕುಡಿದೆ. ಸಿಹಿ. ಅಲ್ಲಿಂದ ಕಿವಿಗೊಟ್ಟರೆ ಸಮುದ್ರದ ಮೊರೆತ ಕೇಳುತ್ತದೆ, ಅಷ್ಟು ಹತ್ತಿರ, ಆದರೂ ಸಿಹಿ.

ಹೊಟ್ಟೆಕಿಚ್ಚು ಎಂದು ನಮ್ಮವರು ಸುಮ್ಮನೆ ಹೆಸರಿಟ್ಟಿಲ್ಲ. ನನಗೆ ನಿಜವಾಗಿಯೂ ಹೊಟ್ಟೆಯಲ್ಲಿ ಉರಿ ಎದ್ದಿತು. ಬೆಂಕಿಗೆ ನೀರು ಸುರಿದರೆ ಆರುತ್ತದೆ ಅನ್ನುತ್ತಾರೆ. ನನ್ನ ಬೆಂಕಿ ಹತ್ತಿದ್ದೇ ನೀರಿನಿಂದ. ನಾವು ನೂರಾರು ಅಡಿ ಕಲ್ಲು ಕೊರೆದು ದೇವರಿಗೆ ಹರಕೆ ಹೊತ್ತು ಕಾಯುವ ವಸ್ತುವನ್ನು ಇವಳು ಚಿಪ್ಪಿನಲ್ಲಿ ಗೋರಿಕೊಳ್ಳುತ್ತಿದ್ದಾಳೆ, ಅದೂ ನನ್ನ ಕಾಲು ತೊಳೆಯಲು! ತಂಬಿಗೆ ಹಿಡಿದು ನನ್ನ ಹಿಂದೆ ಬರುತ್ತಿದ್ದವಳು!

ಅವರ ತೋಟದ ಬಾವಿಯೂ ನಮ್ಮ ಬಾವಿಯ ಹಾಗಲ್ಲ. ಮರಳಿನಲ್ಲಿ ಅಗಲವಾಗಿ ತೋಡಿದ ಗುಂಡಿ. ನಾಲ್ಕೂ ಕಡೆ ಇಳಿಜಾರು. ದೊರುವು ಅನ್ನುತ್ತಾರೆ. ಎರಡು ಕೈಯಲ್ಲಿ ಎರಡು ಕೊಡ ಹಿಡಿದು ನಡೆದು ಇಳಿಯುವುದು, ಮುಳುಗಿಸುವುದು, ಹತ್ತಿ ಬಂದು ಗಿಡಗಳಿಗೆ ಸುರಿಯುವುದು. ಮೂರನೆಯ ದಿನ ಶಾರದೆ ಹೂ ಕೊಡಲು ಪೇಟೆಗೆ ಹೋಗಿದ್ದಾಗ ನಾನು ಸೀತಮ್ಮನವರ ಜೊತೆ ನೀರು ಹಾಕಲು ಇಳಿದೆ. ಎಪ್ಪತ್ತು ದಾಟಿದ ಹೆಂಗಸು, ಬಿದಿರಿನ ಹಾಗೆ ನೆಟ್ಟಗಿದ್ದರು. ದಡದಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತಾ ತೆಲುಗಿನಲ್ಲಿ ಹೇಳಿದರು: "ಪೈನ ತೀಪಿ, ಕಿಂದ ಉಪ್ಪು." ಮೇಲೆ ಸಿಹಿ, ಕೆಳಗೆ ಉಪ್ಪು. ಮಳೆಯ ನೀರು ಹಗುರ, ಸಮುದ್ರದ ನೀರು ಭಾರ. ಮರಳಿನೊಳಗೆ ಇದು ಅದರ ಮೇಲೆ ತೇಲಿಕೊಂಡಿರುತ್ತದಂತೆ. ಹಾಲಿನ ಮೇಲಿನ ಕೆನೆ ತೆಗೆಯುವ ಹಾಗೆ ಮೇಲಿಂದ ಮೇಲೆ ತೆಗೆದುಕೊಳ್ಳಬೇಕು. ಪೈಪು ಆಳಕ್ಕೆ ಬಿಟ್ಟು ಜಗ್ಗಿದರೆ ಕೆಳಗಿನದು ಎದ್ದು ಬರುತ್ತದೆ. ಶಾರದೆ ಬರುವುದಕ್ಕೂ ಮೊದಲು ಊರಿನ ಮೂಡಣ ತುದಿಯಲ್ಲಿ ಒಬ್ಬರು ಹಾಗೆ ಮಾಡಿ ತೆಂಗಿನ ಮರಗಳ ಸುಳಿಯನ್ನೇ ಒಣಗಿಸಿಕೊಂಡಿದ್ದರು.

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡರು. "ನಿನ್ನ ತಂಗಿಗೆ ಬೋರ್ ಹಾಕಿಸಬೇಕು ಅಂತ ಆಸೆ ಹುಟ್ಟಿದೆ. ನಾನು ಬೇಡ ಅಂದರೆ, ಮುದುಕಿ ಎಲ್ಲದಕ್ಕೂ ಬೇಡ ಅನ್ನುತ್ತಾಳೆ ಅಂದುಕೊಳ್ಳುತ್ತಾಳೆ. ಮಗನೋ, ನಿಮ್ಮಿಬ್ಬರ ನಡುವೆ ನಾನು ಬರೋದಿಲ್ಲ ಅಂತಾನೆ. ನೀನು ಬೋರ್‌ಗಳ ಸೀಮೆಯಿಂದ ಬಂದವಳು, ಅವಳ ಅಕ್ಕ. ನೀನು ಹೇಳಿದರೆ ಕೇಳುತ್ತಾಳೆ. ಹೇಳುತ್ತೀಯಾ ತಾಯಿ?"

"ಹೇಳ್ತೀನತ್ತೆ" ಎಂದೆ.

ಅದೇ ಸಂಜೆ ಜಗುಲಿಯ ಮೇಲೆ ಹೂ ಕಟ್ಟುತ್ತಾ ಕೂತಾಗ ಶಾರದೆಯೇ ವಿಷಯ ತೆಗೆದಳು. "ಅಕ್ಕ, ಒಂದು ಮಾತು ಕೇಳ್ತೀನಿ, ಖರೇ ಹೇಳು. ಕೊಡ ಹೊತ್ತು ಹೊತ್ತು ಹೆಗಲು ಬಿದ್ದು ಹೋಗ್ಯಾವ. ಒಂದು ಬೋರ್ ಹಾಕಿಸಿ, ಮೋಟರ್ ಇಡ್ಲೇನು? ಅತ್ತಿ ಬ್ಯಾಡ ಅಂತಾಳ. ನೀವು ಇಷ್ಟು ವರ್ಷದಿಂದ ಬೋರ್ ಇಟ್ಕಂಡೀರಿ, ನಿನಗ ಗೊತ್ತಿರ್ತೈತಿ."

ನೋಡಿ, ಉತ್ತರ ನನ್ನ ನಾಲಗೆಯ ಮೇಲೇ ಇತ್ತು. ಮಧ್ಯಾಹ್ನವಷ್ಟೇ ಕೇಳಿಸಿಕೊಂಡದ್ದು. ಆದರೆ 'ಕೊಡ ಹೊತ್ತು ಹೊತ್ತು' ಎಂಬ ಮಾತು ಅವಳ ಬಾಯಿಂದ ಬಂದುಬಿಟ್ಟಿತು. ನೀನು ಕೊಡದ ಮಾತಾಡುತ್ತೀಯಾ? ಮೊಳಕೈ ಉದ್ದದಲ್ಲಿ ನೀರು ಇಟ್ಟುಕೊಂಡು ಭಾರ ಅನ್ನುತ್ತೀಯಾ? ಒಂದು ದಿನವಾದರೂ ನೀನೂ ಪೈಪಿಗೆ ಕಿವಿಯಿಟ್ಟು ಕೂತು ನೋಡು.

"ಹಾಕ್ಸು" ಎಂದೆ. "ಆಳಕ್ಕ ಹೋದಷ್ಟೂ ಚಲೋ ನೀರು ಸಿಗ್ತೈತಿ."

ಅವಳು ಎದ್ದು ಬಂದು ನನ್ನ ಭುಜಕ್ಕೆ ಗಲ್ಲ ಒತ್ತಿದಳು, ಚಿಕ್ಕಂದಿನ ಹಾಗೆ. ನಾನು ಹೂವಿನ ಗಂಟು ಬಿಗಿದೆ.

ಅಕ್ಕನೇ ಹಾಕಿಸು ಅಂದಳು ಎಂದು ಮನೆಯಲ್ಲಿ ಹೇಳಿ ಶಾರದೆ ಬೋರ್ ಹಾಕಿಸಿದಳು. ಆ ಮೇಲಿನ ಎರಡು ವರ್ಷ ನನಗೆ ಆದದ್ದನ್ನು ಕೇಳಿದರೆ ನೀವು ನಗುತ್ತೀರಿ. ಶಾರದೆಯ ಫೋನಿನಿಂದ ಬರುವುದೆಲ್ಲ ಹೂವಿನ ಚಿತ್ರ. ಗಿಡ ಮೊದಲಿಗಿಂತ ಎತ್ತರ, ಹೂವು ಮೊದಲಿಗಿಂತ ದಟ್ಟ, ನಡುವೆ ಸೊಂಟಕ್ಕೆ ಕೈಯಿಟ್ಟು ನಗುತ್ತಾ ನಿಂತ ಶಾರದೆ. "ನಿನ್ನ ಮಾತು ಕೇಳಿ ಬಚಾವಾದೆ ಅಕ್ಕ!" ನಾನು ಕೊಟ್ಟ ವಿಷವೂ ಅವಳ ಕೈಗೆ ಹೋಗಿ ಅಮೃತವಾಗಿಬಿಟ್ಟಿತಲ್ಲ ಎಂದು ಮತ್ತಷ್ಟು ಹೊಟ್ಟೆ ಉರಿದುಕೊಂಡೆ. ನಮ್ಮ ಯಜಮಾನರು ಆ ಚಿತ್ರ ನೋಡಿ, "ನಿನ್ ತಂಗಿ ಪುಣ್ಯವಂತೆ ಕಣಮ್ಮಿ, ಅದಕ್ಕ್ಯಾಕೆ ಅಂಗೆ ಮಕ ಸಿಂಡರಿಸ್ಕೋತೀಯಾ" ಎಂದರು. ಅವತ್ತು ಅವರ ಮುದ್ದೆಗೆ ಸಾರು ಸ್ವಲ್ಪ ಖಾರವಾಗಿಯೇ ಆಯಿತು.

ಮೂರನೆಯ ಬೇಸಿಗೆಯಲ್ಲಿ ಅವಳ ದನಿ ಬದಲಾಯಿತು. "ಅಕ್ಕ, ಎಲಿ ತುದಿ ಎಲ್ಲ ಸುಟ್ಟಂಗ ಆಗ್ಯಾವ. ಬ್ಯಾಳಿ ಎಷ್ಟು ಕುದಿಸಿದ್ರೂ ಬೇಯವಲ್ದು. ಚಾ ಕುಡಿದ್ರ ಒಂಥರಾ ಐತಿ." ಮೊದಲ ಒಂದು ಗಳಿಗೆ ನನ್ನೊಳಗಿನ ಉರಿ ತಣ್ಣಗಾದದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಮರುಗಳಿಗೆಗೆ ಫೋನಿನ ಆ ಕಡೆ ಅವಳು ಬಿಕ್ಕುವುದು ಕೇಳಿಸಿತು. ಶಾರದೆ ಸುಲಭಕ್ಕೆ ಅಳುವವಳಲ್ಲ. ಮರುದಿನವೇ ರೈಲು ಹತ್ತಿದೆ.

ಮನೆಯ ಹೊಸ್ತಿಲಲ್ಲಿ ಸೀತಮ್ಮನವರು ನಿಂತಿದ್ದರು. ಬಾ ಅನ್ನಲಿಲ್ಲ, ಯಾಕೆ ಹೀಗೆ ಮಾಡಿದೆ ಅನ್ನಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೈಗೆ ಕೊಟ್ಟರು. ದೂರದಿಂದ ಬಂದವರಿಗೆ ಯಾರಾದರೂ ಕೊಡುವ ನೀರು. ಒಂದು ಗುಟುಕು ಕುಡಿದೆ; ಉಪ್ಪು. ಬಾಯಿಗೆ ಅಂಟಿಕೊಳ್ಳುವ, ಗಂಟಲನ್ನು ಇನ್ನಷ್ಟು ಒಣಗಿಸುವ ಉಪ್ಪು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಲೋಟ ಕೆಳಗಿಡಲಿಲ್ಲ. ಪೂರ್ತಿ ಕುಡಿದೆ. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು. ಆ ವಿಷಯವಾಗಿ ನಮ್ಮಿಬ್ಬರ ನಡುವೆ ನಡೆದದ್ದು ಅಷ್ಟೇ. ಶಾರದೆಯ ಎದುರಿಗಾಗಲಿ, ಮಗನ ಎದುರಿಗಾಗಲಿ ಅವರು ಕೊನೆಯವರೆಗೂ ಬಾಯಿ ಬಿಡಲಿಲ್ಲ.

ನಮ್ಮ ಬೋರ್ ಬತ್ತಿದರೆ ನಮ್ಮದೊಂದೇ ಬತ್ತುತ್ತದೆ ಎಂದು ನಾನು ತಿಳಿದಿದ್ದೆ. ಅದೂ ಸುಳ್ಳೇ ಅನ್ನಿ. ಅಲ್ಲಂತೂ ಒಬ್ಬರು ಎಳೆದ ಉಪ್ಪು ಅಕ್ಕಪಕ್ಕದ ದೊರುವುಗಳಿಗೂ ಏರಿತ್ತು. ಶಾರದೆಯನ್ನು ನೋಡಿ ಇನ್ನೂ ಇಬ್ಬರು ಬೋರ್ ಹಾಕಿಸಿದ್ದರು. ನೆರೆಯ ಹೆಂಗಸರು ಅವಳ ಜೊತೆ ಮಾತು ಬಿಟ್ಟಿದ್ದರು. ಅವಳು ಅವತ್ತು ಜಡೆ ಹೆಣೆಯದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡಿದ್ದಳು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತಲ್ಲವೇ? ಆಗಲಿಲ್ಲ. ಬಾಚಣಿಗೆ ತಂದು ಹೆಣೆದೆ. ಕೂದಲಿಗೂ ಉಪ್ಪುನೀರಿನ ಬಿರುಸು ಬಂದಿತ್ತು.

ಹೋದವಳು ಒಂದೂವರೆ ತಿಂಗಳು ಅಲ್ಲೇ ನಿಂತೆ. ಊರಿನವರೆಲ್ಲ ಮಾವಿನ ಮರದ ಕೆಳಗೆ ಕೂತು ಮಾತಾಡಿದರು. ಸೀತಮ್ಮನವರೇ ಮುಂದೆ ನಿಂತು ಮಾತಾಡಿಸಿದರು. ಮೂರೂ ಬೋರ್‌ಗಳ ಮೋಟರ್ ಕಿತ್ತು, ಒಳಗೆ ಜೇಡಿಮಣ್ಣು ತುಂಬಿ, ಬಾಯಿಗೆ ಸಿಮೆಂಟ್ ಹಾಕಿದರು. ದೊರುವಿಗಿಂತ ಕೆಳಗೆ ಯಾರೂ ಪೈಪು ಇಳಿಸಬಾರದು. ಕೊಡ ಹೊರಲಾಗದವರು ಸಣ್ಣ ಮೋಟರ್ ಇಟ್ಟರೂ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಎಂದು ಗೊತ್ತುಮಾಡಿಕೊಂಡರು. ಅಲ್ಲಿ ನನಗೊಂದು ಕೆಲಸ ಸಿಕ್ಕಿತು. ಮಳೆಗಾಲದಲ್ಲಿ ಅವರ ಊರಿನ ನೀರೆಲ್ಲ ಒಂದು ಕಾಲುವೆ ಹಿಡಿದು ಸೀದಾ ಸಮುದ್ರಕ್ಕೆ ಹೋಗುತ್ತಿತ್ತು. ನೀರು ಇದ್ದವರಿಗೆ ಅದು ಹೋಗುವುದು ಕಾಣುವುದಿಲ್ಲ. ನಮ್ಮ ಸೀಮೆಯವರಿಗೆ ಬರುವ ಒಂದೇ ವಿದ್ಯೆಯೆಂದರೆ ಬಿದ್ದ ಮಳೆಯನ್ನು ಓಡಿಹೋಗದ ಹಾಗೆ ಹಿಡಿಯುವುದು. ತೋಟಗಳ ಅಂಚಿಗೆ ಬದು ಹಾಕಿಸಿದೆ, ತಗ್ಗುಗಳಲ್ಲಿ ಗುಂಡಿ ತೋಡಿಸಿದೆ, ಕಾಲುವೆಗೆ ಅಲ್ಲಲ್ಲಿ ಮರಳು ಚೀಲ ಅಡ್ಡ ಇಡಿಸಿದೆ. ನಾನೂ ಗುದ್ದಲಿ ಹಿಡಿದೆ. "ನೀನು ಮಾಡಬೇಡಮ್ಮ, ನೆಂಟರು" ಎಂದು ಊರಿನವರು ಅಂದರೆ, ಸೀತಮ್ಮನವರು "ಮಾಡಲಿ ಬಿಡಿ" ಎಂದರು.

ಎರಡು ಮಳೆಗಾಲ ಬೇಕಾಯಿತು. ಮೊದಲನೆಯ ವರ್ಷ ನೀರು ಬಾಯಿಗೆ ಹಿಡಿಸಲಿಲ್ಲ. ಎರಡನೆಯ ವರ್ಷದ ಮಳೆ ಮುಗಿದ ಮೇಲೆ ಮೇಲಿನ ಸಿಹಿ ಮತ್ತೆ ಕಟ್ಟಿಕೊಂಡಿತು. ಮೊದಲಿನಷ್ಟು ದಪ್ಪನೆಯ ಕೆನೆಯಲ್ಲ, ತೆಳ್ಳನೆಯದು. ಶಾರದೆ ಮತ್ತೆ ಕೊಡ ಹೊತ್ತಳು, ಗಿಡಗಳು ಚಿಗುರಿದವು, ನೆರೆಯವರು ಮಾತಾಡಿದರು. ಕಳೆದ ಚಳಿಗಾಲದಲ್ಲಿ ಸೀತಮ್ಮನವರು ತೀರಿಕೊಂಡರು. ಅವರ ಜೊತೆಗೆ ನನ್ನ ಗುಟ್ಟೂ ಹೋಯಿತು. ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನೆಮ್ಮದಿಯಾಗಬೇಕಿತ್ತು, ಆದರೆ ಊಟಕ್ಕೆ ಕೂತಾಗೆಲ್ಲ ಅವರು ಕೊಟ್ಟ ಆ ಉಪ್ಪುನೀರಿನ ಲೋಟದ ನೆನಪು ಬರತೊಡಗಿತು.

ಎರಡು ತಿಂಗಳ ಹಿಂದೆ ಶಾರದೆ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಕೊಯ್ಯಲು ಇಬ್ಬರೂ ಹಿಪ್ಪುನೇರಳೆ ಸಾಲಿಗೆ ಇಳಿದೆವು. ಅವಳು ನನ್ನ ಮುಂದಿನ ಸಾಲಿನಲ್ಲಿ, ಬೆನ್ನು ಹಾಕಿ ಕೊಯ್ಯುತ್ತಿದ್ದಳು. ಮುಖ ಕಾಣದ್ದರಿಂದಲೇ ಧೈರ್ಯ ಬಂತೋ ಏನೋ. "ಶಾರದಿ, ಬೋರ್ ಹಾಕ್ಸಬ್ಯಾಡ ಅಂತ ನಿಮ್ಮತ್ತಿ ನನಗ ಮೊದಲೇ ಹೇಳಿದ್ರು. ಉಪ್ಪು ಬರ್ತೈತಿ ಅಂತ ಹೇಳಿದ್ರು. ನಿನಗ ತಿಳಿಸು ಅಂತ ಕೈ ಹಿಡಕಂಡಿದ್ರು. ಗೊತ್ತಿದ್ದೂ ನಾನು ಹಾಕ್ಸು ಅಂದೆ."

ಕುಡುಗೋಲಿನ ಸದ್ದು ನಿಂತಿತು.

"ಯಾಕ?" ಎಂದಳು. ತಿರುಗಲಿಲ್ಲ.

"ಹೊಟ್ಟೆಕಿಚ್ಚು."

ಅವಳು ಕೊಯ್ದ ಸೊಪ್ಪನ್ನೆಲ್ಲ ಒಟ್ಟುಮಾಡಿ ಹೊರೆ ಕಟ್ಟಿದಳು. ಆಮೇಲೆ ಅದರ ಮೇಲೇ ಕೂತು ಹೇಳಿದಳು: "ನೀರು ಹೋತು, ಬಂತು. ಅದಕ್ಕಲ್ಲ ಅಕ್ಕ. ಅತ್ತಿ ಮಾತು ಮೀರಿ ಊರಿನ ನೀರು ಕೆಡಿಸಿದೆ ಅಂತ ನಾನು ಆಕಿ ಮಾರಿ ಎತ್ತಿ ನೋಡಲಿಲ್ಲ. ಸಾಯೋತನಕ ನೋಡಲಿಲ್ಲ. ಕಾಲು ಒತ್ತುವಾಗಲೂ ಕೆಳಗ ನೋಡ್ಕಂತಾ ಒತ್ತೀನಿ. ಆ ತಪ್ಪಿನಾಗ ಅರ್ಧ ನಿಂದಿತ್ತು. ಮೊದಲೇ ಹೇಳಿದ್ರ ನಾನು ಆಕಿ ಜೊತಿ ಕೂತು ಅತ್ತು ಹಗುರಾಗ್ತಿದ್ದೆ. ಅಷ್ಟೂ ನನ್ನೊಬ್ಬಾಕಿ ಮ್ಯಾಲೆ ಹೊರಿಸಿದೆಲ್ಲ."

ನಾನು ಇಷ್ಟು ವರ್ಷ ಪಶ್ಚಾತ್ತಾಪ ಪಟ್ಟದ್ದು ನೀರಿಗಾಗಿ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಇನ್ನೂ ಎರಡು ದಿನ ಇರಬೇಕಾಗಿದ್ದ ಶಾರದೆ ಆ ಮಧ್ಯಾಹ್ನವೇ ಬಟ್ಟೆ ಮಡಿಸಿಕೊಂಡಳು. ಯಜಮಾನರು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಸ್ಸು ಹತ್ತಿಸಿ ಬಂದರು. "ಅಕ್ಕತಂಗೇರು ಯಾಕೆ ಜಗಳ ಆಡುದ್ರಿ?" ಎಂದು ಕೇಳಿದರು. ಜಗಳವಲ್ಲ ಎಂದೆ. ಆಮೇಲೆ ಅವಳು ಫೋನು ಮಾಡಲಿಲ್ಲ. ನಾನು ಮಾಡಿದರೆ ಮಗಳು ಎತ್ತಿ "ಅಮ್ಮ ತೋಟದಾಗ ಅದಾಳ ದೊಡ್ಡಮ್ಮ" ಎನ್ನುವಳು.

ಮಡಕಶಿರದಲ್ಲಿ ಕನಕಾಂಬರ ನೋಡುತ್ತಾ ಬಸ್ಸು ತಪ್ಪಿಸಿಕೊಂಡು ತಡವಾಗಿ ಮನೆ ಸೇರಿದ ಆ ದಿನ ಸಂಜೆಯ ಹೊತ್ತಿಗೆ ಫೋನು ಬಂತು. ಶಾರದೆಯೇ. ಹೇಗಿದ್ದೀ ಎಂದು ಕೇಳಲಿಲ್ಲ.

"ಇಲ್ಲಿ ಮಳಿ ಬಂತು ಅಕ್ಕ. ಮಧ್ಯಾಹ್ನದಿಂದ ಹೊಡೀತೈತಿ. ಬದು ತುಂಬಿ ನಿಂತೈತಿ, ಒಂದು ಹನಿ ಕಾಲುವಿಗೆ ಹೋಗಿಲ್ಲ. ನಿಮ್ಮಲ್ಲಿ?"

ಬಾಗಿಲಿಗೆ ಬಂದು ನೋಡಿದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. "ಇಲ್ಲ" ಎಂದೆ.

ಇಷ್ಟೆಲ್ಲ ಆದ ಮೇಲೂ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತೇ ಎಂದು ನೀವು ಕೇಳಬಹುದು. ಎದ್ದಿತು. ಸುಳ್ಳು ಯಾಕೆ ಹೇಳಲಿ. ಆದರೆ ಈ ಸಲ ಅದನ್ನು ನುಂಗಲಿಲ್ಲ.

"ಶಾರದಿ, ನನಗ ಹೊಟ್ಟೆಕಿಚ್ಚಾಗಾಕ ಹತ್ತೈತಿ" ಎಂದೆ.

ಮಳೆಯ ಸದ್ದಿನಲ್ಲಿ ಅವಳು ನಕ್ಕಳೋ, ಮೂಗು ಸೀಟಿಕೊಂಡಳೋ, ತಿಳಿಯಲಿಲ್ಲ.

"ಆಗಲಿ" ಎಂದಳು. "ಆದಾಗೆಲ್ಲ ಹಿಂಗ ಹೇಳ್ತಾ ಇರು."